ಮಗಳು ಬೆಂಕಿಯ ಕೆಮಿಸ್ಟ್ರಿ ಓದಲು ಹೊರಟಿದ್ದಾಳೆ. ಮದುವೆ ಮನೆಯಲ್ಲಿ ಕೇಳಿದವರಿಗೆ ಏನಂತ ಹೇಳಲಿ?

ಚಪ್ಪರದಡಿ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು, ಸಣ್ಣ ಅಡಿಕೆ ತೋಟ. ಇಲ್ಲಿ ಕೊಳೆರೋಗ, ಎಲೆಚುಕ್ಕಿ ರೋಗ, ರಾಶಿ ಅಡಿಕೆ ರೇಟು ಅಂತ ಬರುವುದನ್ನೆಲ್ಲ ಓದಿ ಸುಮ್ಮನಿರುವವನು. ಬರೆಯುತ್ತಿರುವುದು ಇದೇ ಮೊದಲು.

ಮಗಳು ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿ ಹೊರದೇಶದ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿಗೆ ಸೀಟು ತಗೊಂಡಿದ್ದಾಳೆ. ವಿಷಯ ‘ಅಧಿಕ ಉಷ್ಣತೆಯ ರಸಾಯನಶಾಸ್ತ್ರ’. ಆ ಲ್ಯಾಬಿನಲ್ಲಿ ಅರ್ಧ ಜನ ಬಿಸಿಲಿನ ಕಾವಿನಿಂದ ಪೆಟ್ರೋಲಿನಂಥ ಇಂಧನ ಮಾಡಲು ನೋಡುತ್ತಾರಂತೆ, ಇನ್ನರ್ಧ ಜನ ಅಗ್ನಿ ಸುರಕ್ಷತೆ. ಮೊನ್ನೆ ಕೊಪ್ಪದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತವರು ಮಗಳು ಎಂತ ಓದ್ತಾಳೆ ಅಂತ ಕೇಳಿದರು, ಹೇಳಿದೆ. “ಹಂಗಾರೆ ಬೆಂಕಿ ಹಚ್ಚೋರೂ ಅವರೇ, ಆರಿಸೋರೂ ಅವರೇನಾ?” ಅಂದರು. ಅಷ್ಟರಲ್ಲಿ ಪಾಯಸ ಬಂತು, ಬಚಾವಾದೆ.

ಇನ್ನೊಂದು ಸಂಗತಿ. ಹೋದ ಸುಗ್ಗಿಯಲ್ಲಿ ಅಡಿಕೆ ಒಣಗಿಸುವ ನಮ್ಮ ಡ್ರೈಯರ್ ಮನೆಯ ಅಟ್ಟಕ್ಕೆ ಬೆಂಕಿ ಬಿತ್ತು. ಹೊಗೆಕೊಳವೆ ಅಟ್ಟದ ತೊಲೆಯ ಪಕ್ಕದಲ್ಲೇ ಹಾದುಹೋಗುತ್ತದೆ, ನಡುವೆ ನಾಲ್ಕು ಬೆರಳು ಜಾಗ. ಕೂರಿಸಿದವರು “ಏನೂ ಆಗಲ್ಲ” ಅಂದಿದ್ದರು. ನಿಜವಾಗಿ ಆರು ಸುಗ್ಗಿ ಏನೂ ಆಗಲೂ ಇಲ್ಲ. ಏಳನೆಯದರಲ್ಲಿ, ರಾತ್ರಿ ಎರಡು ಗಂಟೆಗೆ, ಒಲೆಯಲ್ಲಿ ಬರೀ ಕೆಂಡ ಇದ್ದಾಗ ಹೊತ್ತಿತು. ನೆರೆಯವರು ಓಡಿಬಂದು ಕೊಡಪಾನದಲ್ಲಿ ಆರಿಸಿದರು. ಅಟ್ಟದ ಮೇಲಿದ್ದ ಗೊರಬಲು ಅಡಿಕೆ ಹೋಯಿತು, ತೊಲೆ ಅರ್ಧ ಹೋಯಿತು.

ಹಾಗಾಗಿ ಎರಡು ಪ್ರಶ್ನೆ. ಮಗಳ ಓದನ್ನು ಒಂದೇ ಮಾತಲ್ಲಿ ಹೇಳುವುದು ಹೇಗೆ? ಆರು ವರ್ಷ ಸುಮ್ಮನಿದ್ದ ತೊಲೆ ಏಳನೇ ವರ್ಷ ಯಾಕೆ ಹೊತ್ತಿತು?

ಮಳೆಕಾಡು (ಭಾನುವಾರ, ರಾತ್ರಿ 9:31)

ಆಗುಂಬೆಯಿಂದ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಜೂನಲ್ಲಿ ಒಗೆದ ಬಟ್ಟೆ ಗಣಪತಿ ಹಬ್ಬಕ್ಕೆ ಒಣಗುವ ಊರು. ಬಿಸಿಲಿಂದ ಪೆಟ್ರೋಲ್ ಅಂದ್ರೆ ನಗು ಬರ್ತದೆ ಮಾರಾಯ್ರೆ. ಮಗಳಿಗೆ ಒಳ್ಳೇದಾಗಲಿ. ಆ ವಿದ್ಯೆ ತಗೊಂಡು ಊರಿಗೆ ವಾಪಸ್ ಬರಬೇಡ ಅಂತ ಹೇಳಿ.

ಕೆಮಿಸ್ಟ್ರಿ ಮೇಷ್ಟ್ರು (ಭಾನುವಾರ, ರಾತ್ರಿ 10:02)

ಶಿವಮೊಗ್ಗದಲ್ಲಿ ಪಿಯುಸಿ ಹುಡುಗರಿಗೆ ಪಾಠ ಹೇಳುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ. ತಾಳ್ಮೆ ಇರಲಿ.

ಪಕ್ಕ ಕೂತವರು ತಮಾಷೆಗೆ ಅಂದರೂ ಸರಿಯಾಗಿಯೇ ಅಂದಿದ್ದಾರೆ. ಬಿಸಿ ತಾಗಿದ ಸೌದೆ ಮೊದಲು ಒಡೆದು ಆವಿ ಬಿಡುತ್ತದೆ. 200ರಿಂದ 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಈ ಕೆಲಸ ಜೋರಾಗುತ್ತದೆ. ಆ ಆವಿ ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ನಮಗೆ ಜ್ವಾಲೆ ಕಾಣುತ್ತದೆ. ಸೌದೆಗೂ ಜ್ವಾಲೆಗೂ ನಡುವೆ ಸಣ್ಣ ಕತ್ತಲೆ ಜಾಗ ಇರುವುದನ್ನು ಒಲೆ ಮುಂದೆ ಕೂತು ನೋಡಿ. ಕೊನೆಗೆ ಉಳಿಯುವುದು ನೀರಾವಿ, ಇಂಗಾಲದ ಡೈಆಕ್ಸೈಡ್, ಒಂದಿಷ್ಟು ಬೂದಿ. ಆಮ್ಲಜನಕ ಬಂದು ಅಂಟಿಕೊಂಡಿತು, ಕಾವು ಹೊರಬಿತ್ತು.

ಇಂಧನ ಮಾಡುವುದೆಂದರೆ ಇದೇ ದಾರಿಯಲ್ಲಿ ಹಿಂದಕ್ಕೆ ಬರುವುದು. ನೀರು ಮತ್ತು ಇಂಗಾಲದ ಡೈಆಕ್ಸೈಡ್ ಅಂದರೆ ಈಗಾಗಲೇ ಸುಟ್ಟು ಮುಗಿದ ವಸ್ತುಗಳು. ಅವುಗಳಿಂದ ಆಮ್ಲಜನಕ ಕಿತ್ತು ಹೊರಹಾಕಿದರೆ ಮತ್ತೆ ಸುಡುವಂಥ ವಸ್ತು ಸಿಗುತ್ತದೆ. ಕಾವು ಹೊರಬಿದ್ದಿದ್ದಕ್ಕಿಂತ ಹೆಚ್ಚು ಕಾವು ಕೊಟ್ಟರೆ ಮಾತ್ರ ಇದು ಸಾಧ್ಯ, ಪುಕ್ಕಟೆ ಏನೂ ಇಲ್ಲ. ನಿಮ್ಮ ತೋಟದ ಪ್ರತಿ ಎಲೆ ಇದನ್ನೇ ಮಾಡುತ್ತಿದೆ, ಅದೂ ಒಂದು ಡಿಗ್ರಿ ಕಾವು ಹೆಚ್ಚಿಸದೆ. ಆದರೆ ನಿಧಾನ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ ಬೆಳೆಯ ಮೈಯಲ್ಲಿ ಕೂಡಿಡುತ್ತದೆ.

ನೀರನ್ನು ಬರೀ ಬಿಸಿ ಮಾಡಿ ಒಡೆಯಲು ಹೋದರೆ 2200 ಡಿಗ್ರಿ ದಾಟಿದ ಮೇಲೂ ಸ್ವಲ್ಪವೇ ಒಡೆಯುತ್ತದೆ. ಒಡೆದ ಜಲಜನಕ, ಆಮ್ಲಜನಕ ಒಂದೇ ಪಾತ್ರೆಯಲ್ಲಿರುತ್ತವೆ, ತಣ್ಣಗಾಗುವಾಗ ಮತ್ತೆ ಕೂಡಿಕೊಳ್ಳುತ್ತವೆ, ಕೆಲವೊಮ್ಮೆ ಢಮಾರ್ ಅಂತ. ಅದಕ್ಕೇ ನಡುವೆ ಒಬ್ಬ ದಲ್ಲಾಳಿ ಬೇಕು. ಸೀರಿಯಂ ಅನ್ನುವ ಲೋಹದ ಆಕ್ಸೈಡ್ ಅಂಥದ್ದು. ಕನ್ನಡಿಗಳಿಂದ ಬಿಸಿಲು ಒಟ್ಟು ಮಾಡಿ ಅದನ್ನು ಸುಮಾರು 1500 ಡಿಗ್ರಿಗೆ ಕಾಯಿಸಿದರೆ ತನ್ನ ಮೈಯ ಆಮ್ಲಜನಕದಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ. ಆ ಆಮ್ಲಜನಕವನ್ನು ಆಚೆ ಕಳಿಸಿ, ಆಕ್ಸೈಡನ್ನು 900 ಡಿಗ್ರಿ ಆಸುಪಾಸಿಗೆ ಇಳಿಸಿ, ಮೇಲೆ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಹಸಿದ ಸೀರಿಯಂ ಅವುಗಳಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಉಳಿಯುವುದು ಜಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್. ಈ ಜೋಡಿಯಿಂದ ಡೀಸೆಲ್, ಸೀಮೆಎಣ್ಣೆ ಕಟ್ಟುವ ದಾರಿಯನ್ನು ಜರ್ಮನಿಯ ಫಿಶರ್ ಮತ್ತು ಟ್ರಾಪ್ಶ್ 1920ರ ದಶಕದಲ್ಲೇ ಕಂಡುಹಿಡಿದಿದ್ದರು. ಸೀರಿಯಂ ತೂಕ ಇದ್ದಷ್ಟೇ ಇರುತ್ತದೆ, ಮತ್ತೆ ಕಾಯಿಸಿ, ಮತ್ತೆ ಇಳಿಸಿ.

ಒಂದೇ ಮಾತು ಬೇಕಂದಿರಿ: ‘ಆಮ್ಲಜನಕದ ಜಮಾಖರ್ಚು’. ಎಲ್ಲಿಗೆ ಬಂತು, ಎಲ್ಲಿಂದ ಹೋಯಿತು, ಆಗ ಎಷ್ಟು ಕಾವು ಕೈಬದಲಾಯಿತು. ಬೆಂಕಿಯೂ ಅದೇ, ಇಂಧನವೂ ಅದೇ.

ಚಪ್ಪರದಡಿ (ಭಾನುವಾರ, ರಾತ್ರಿ 10:20)

ಮೇಷ್ಟ್ರೆ, ಇದನ್ನು ನಮ್ಮ ಅಮ್ಮನಿಗೆ ಓದಿ ಹೇಳಿದೆ. “ಹಂಗಾರೆ ಹೊಗೆನ ವಾಪಸ್ ಸೌದೆ ಮಾಡ್ತಾಳನಾ?” ಅಂತ ಕೇಳಿದಳು. ಹೌದು ಅಂದೆ. “ಅದಕ್ಕೆ ಅಲ್ಲೀವರೆಗೆ ಹೋಗಬೇಕಾ, ಒಂದು ಗಿಡ ನೆಟ್ರಾಯ್ತಪ್ಪ” ಅಂತ ಎದ್ದು ಹೋದಳು.

ಭದ್ರಾವತಿ ಕುಲುಮೆ (ಸೋಮವಾರ, ಬೆಳಿಗ್ಗೆ 6:15)

ಅಜ್ಜಿಗೆ ಉತ್ತರ ಭದ್ರಾವತಿಯಲ್ಲಿದೆ. ನಾನು ಕುಲುಮೆ ಕೆಲಸ ಮಾಡಿ ನಿವೃತ್ತನಾದವನು, ಅಪ್ಪನೂ ಅದೇ ಕಾರ್ಖಾನೆ. 1923ರಲ್ಲಿ ಶುರುವಾದಾಗ ಅದರ ಹೆಸರೇ ‘ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್’. ಮೊದಲು ಮರದ ಬಟ್ಟಿ, ಆಮೇಲೆ ಕಬ್ಬಿಣ. ಇಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡಿತ್ತು. ಮಲೆನಾಡಿನ ಮರವನ್ನು ಮುಚ್ಚಿದ ಕೊಠಿಯಲ್ಲಿ ಗಾಳಿ ಕೊಡದೆ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊರಬಂದ ಆವಿಯನ್ನು ತಣಿಸಿದರೆ ಮೆಥನಾಲ್, ಅಸಿಟೇಟು, ಟಾರು. ಮೆಥನಾಲಿಗೆ ಮರದ ಸ್ಪಿರಿಟ್ ಅಂತ ಹೆಸರಿರುವುದು ಇದಕ್ಕೇ. ಆ ಇದ್ದಿಲು ಊದುಕುಲುಮೆಗೆ, ಅದಿರು ಕೆಮ್ಮಣ್ಣುಗುಂಡಿಯಿಂದ.

ಮೇಷ್ಟ್ರು ಹೇಳಿದ ಜಮಾಖರ್ಚೇ ಅಲ್ಲೂ. ಅದಿರು ಅಂದರೆ ತುಕ್ಕು, ಕಬ್ಬಿಣಕ್ಕೆ ಆಮ್ಲಜನಕ ಅಂಟಿದ್ದು. ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದನ್ನು ಕಿತ್ತುಕೊಂಡು ಹೋಗುತ್ತದೆ, ಕಬ್ಬಿಣ ಕೆಳಗೆ ಇಳಿಯುತ್ತದೆ. ನಾವು ಇದ್ದಿಲಿನಿಂದ ಕೀಳಿಸಿದ್ದನ್ನು ಅವರು ಬಿಸಿಲಿನಿಂದ ಕೀಳಿಸುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ನಮ್ಮ ಲೆಕ್ಕದಲ್ಲಿ ಕಾಡು ಖರ್ಚಾಯಿತು. ಅಜ್ಜಿ ಹೇಳಿದ ಹಾಗೆ ಗಿಡ ನೆಡುತ್ತ ಕಡಿಯುತ್ತ ಹೋದರೆ ಎಷ್ಟು ಗುಡ್ಡ ಬೇಕಾಗುತ್ತದೆ ಅಂತ ನಮ್ಮ ಅಪ್ಪನ ಕಾಲದವರಿಗೆ ಗೊತ್ತಿತ್ತು.

ಸುರಕ್ಷತೆ ಬಗ್ಗೆ ಒಂದು. ಕುಲುಮೆಗೆ ಸೇರಿದ ಮೊದಲ ದಿನ ಹೇಳಿಕೊಟ್ಟ ಮೊದಲ ಪಾಠ, ಕರಗಿದ ಕಬ್ಬಿಣ ಒದ್ದೆ ನೆಲಕ್ಕೆ ತಾಗಬಾರದು. ಒಂದು ಲೀಟರ್ ನೀರು ಸುಮಾರು 1700 ಲೀಟರ್ ಆವಿಯಾಗುತ್ತದೆ. ಲೋಹದ ಅಡಿಯಲ್ಲಿ ಸಿಕ್ಕಿಬಿದ್ದರೆ ಅದು ಬಾಂಬು. ಮನೆಯಲ್ಲಿ ಕರಿಯುವ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹೊಯ್ಯಬಾರದು ಅನ್ನುವುದೂ ಇದೇ ಕಾರಣಕ್ಕೆ. ಗ್ಯಾಸ್ ಆಫ್ ಮಾಡಿ, ಬಾಣಲೆ ಮೇಲೆ ತಟ್ಟೆ ಮುಚ್ಚಿ, ಮುಟ್ಟದೆ ಬಿಡಿ.

ಸಾಗರದವ ಬೆಂಗಳೂರಲ್ಲಿ (ಸೋಮವಾರ, ಬೆಳಿಗ್ಗೆ 11:40)

ಎಲ್ಲರೂ ಭಾವುಕರಾಗುವ ಮೊದಲು ಒಂದು ಲೆಕ್ಕ. ನಾನು ಸೋಲಾರ್ ಕಂಪನಿಯಲ್ಲಿ ಕೆಲಸ ಮಾಡುವವನು, ಪಕ್ಷಪಾತ ಇದೆ, ಒಪ್ಪುತ್ತೇನೆ.

ಸ್ಪೇನಿನಲ್ಲಿ ಮ್ಯಾಡ್ರಿಡ್ ಹತ್ತಿರದ ಮೋಸ್ಟೊಲೆಸ್‌ನಲ್ಲಿ ಇದೇ ಸೀರಿಯಂ ವಿಧಾನದ 50 ಕಿಲೋವಾಟ್ ಗೋಪುರ ಕಟ್ಟಿ ಸೀಮೆಎಣ್ಣೆವರೆಗೂ ಮಾಡಿ ತೋರಿಸಿದರು. 2022ರಲ್ಲಿ ಪ್ರಕಟವಾದ ಅಂಕಿ, ಬಿಸಿಲಿನಿಂದ ಅನಿಲಕ್ಕೆ ದಕ್ಷತೆ 4.1 ಶೇಕಡಾ. ಒಂದು ಚದರ ಮೀಟರ್ ಕನ್ನಡಿಗೆ ಒಳ್ಳೆ ದಿನ 5 ಯೂನಿಟ್ ಅಂದರೆ 18 ಮೆಗಾಜೂಲ್ ನೇರ ಬಿಸಿಲು ಬಿತ್ತು ಅನ್ನಿ. 4.1 ಶೇಕಡಾ ಅಂದರೆ ಮುಕ್ಕಾಲು ಮೆಗಾಜೂಲ್ ಇಂಧನ. ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 35 ಮೆಗಾಜೂಲ್. ಅಂದರೆ ದಿನಕ್ಕೆ ಒಂದು ಲೀಟರಿಗೆ ಹತ್ತಿರ ಹತ್ತಿರ ಅರ್ಧ ಗುಂಟೆ ಕನ್ನಡಿ, ಅದೂ ಕನ್ನಡಿಯಲ್ಲಿ, ಅನಿಲವನ್ನು ಎಣ್ಣೆ ಮಾಡುವುದರಲ್ಲಿ ಆಗುವ ನಷ್ಟ ಬಿಟ್ಟು.

ಅದೇ ಒಂದು ಮೀಟರ್ ಜಾಗಕ್ಕೆ ಸಾದಾ ಪ್ಯಾನೆಲ್ ಹಾಕಿದರೆ ಒಂದು ಯೂನಿಟ್ ಕರೆಂಟು. ಅದರಿಂದ ನೀರು ವಿಭಜಿಸಿದರೆ ಎರಡು ಮೆಗಾಜೂಲ್‌ಗಿಂತ ಹೆಚ್ಚು ಜಲಜನಕ. ಮೂರು ಪಟ್ಟು! ಪ್ಯಾನೆಲ್ ಮೋಡದ ದಿನವೂ ಅಷ್ಟಿಷ್ಟು ಕೊಡುತ್ತದೆ. ಕನ್ನಡಿಗೆ ನೆರಳು ಬೀಳಿಸುವಂಥ ನೇರ ಬಿಸಿಲೇ ಬೇಕು. ಮೋಡ ದಾಟಿ ಚದುರಿದ ಬೆಳಕನ್ನು ಯಾವ ಕನ್ನಡಿಯೂ ಒಂದು ಬಿಂದುವಿಗೆ ತರಲಾರದು. ಪಾವಗಡದಲ್ಲಿ 2050 ಮೆಗಾವಾಟ್ ಪ್ಯಾನೆಲ್ ಹಾಕಿದವರು ಕನ್ನಡಿ ಯಾಕೆ ಹಾಕಲಿಲ್ಲ ಅಂತ ಯೋಚಿಸಿ.

ಹುಡುಗಿಗೆ ನಿರುತ್ಸಾಹ ಮಾಡಲು ಹೇಳುತ್ತಿಲ್ಲ. ಆದರೆ ಸೇರುವ ಮೊದಲು ಗೈಡಿಗೆ ಈ ಪ್ರಶ್ನೆ ಕೇಳಲಿ.

ಮಳೆಕಾಡು (ಸೋಮವಾರ, ಬೆಳಿಗ್ಗೆ 11:52)

ನಾನು ಒಂದೇ ಸಾಲಲ್ಲಿ ಹೇಳಿದ್ದೆ.

ಚಪ್ಪರದಡಿಯ ಮಗಳು (ಸೋಮವಾರ, ರಾತ್ರಿ 8:05)

ಅಪ್ಪ ಇಲ್ಲಿ ನನ್ನ ಮಾನ ಹರಾಜು ಹಾಕಿದ್ದು ಅಜ್ಜಿಯಿಂದ ಗೊತ್ತಾಯಿತು. ವೀಸಾ ಬರುವವರೆಗೆ ಮನೆಯಲ್ಲೇ ಇದ್ದೇನೆ, ಹಾಗಾಗಿ ನಾನೇ ಬರೆಯುತ್ತೇನೆ.

ಸಾಗರದವರೆ, ನಿಮ್ಮ ಲೆಕ್ಕ ಸರಿ. ಇಂದಿನ ಮಟ್ಟಿಗೆ ಪ್ಯಾನೆಲ್ಲೇ ಮುಂದೆ. ಸೀರಿಯಂ ಹಿಂದುಳಿದಿರುವುದು ಯಾಕೆ ಅಂದರೆ, 1500 ಡಿಗ್ರಿಗೆ ಕಾಯಿಸಿದರೂ ಅದರ ಪ್ರತಿ ನೂರು ಆಮ್ಲಜನಕ ಪರಮಾಣುಗಳಲ್ಲಿ ಎರಡೋ ಮೂರೋ ಮಾತ್ರ ಹೊರಬರುತ್ತವೆ. ಆ ಎರಡಕ್ಕಾಗಿ ಇಡೀ ಮುದ್ದೆಯನ್ನು ಕಾಯಿಸಿ, ಇಳಿಸಿ, ಮತ್ತೆ ಕಾಯಿಸಬೇಕು. ಇಳಿಸುವಾಗ ಹೋಗುವ ಕಾವನ್ನು ಹಿಡಿದು ಮುಂದಿನ ಸುತ್ತಿಗೆ ಕೊಡುವುದೇ ನಿಜವಾದ ಸಮಸ್ಯೆ. 4.1 ಅನ್ನುವ ಅಂಕಿ ಬಂದದ್ದು ಹಾಗೆ ಹಿಡಿಯದೆಯೇ. ಕಡಿಮೆ ಕಾವಿಗೆ ಹೆಚ್ಚು ಆಮ್ಲಜನಕ ಬಿಡುವ ಬೇರೆ ಆಕ್ಸೈಡುಗಳನ್ನು ಹುಡುಕುವವರು ಬೇರೆ ಇದ್ದಾರೆ. ಅವು ಸುಲಭವಾಗಿ ಬಿಡುತ್ತವೆ, ಆದರೆ ನೀರಿನಿಂದ ಕಿತ್ತುಕೊಳ್ಳುವ ಹಸಿವು ಕಮ್ಮಿ. ಕೊಡುಗೈ ದೊರೆಗೆ ವಸೂಲಿ ಬರುವುದಿಲ್ಲ.

ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ವಿಶ್ವವಿದ್ಯಾಲಯದ ತಾರಸಿ ಮೇಲೆ ಬರೀ ಗಾಳಿ ಮತ್ತು ಬಿಸಿಲಿನಿಂದ ಇಂಧನ ಮಾಡಿದ ತಂಡದ ಫಲಿತಾಂಶ 2021ರಲ್ಲಿ ಬಂತು. ಗಾಳಿಯಿಂದಲೇ ನೀರು, ಇಂಗಾಲದ ಡೈಆಕ್ಸೈಡ್ ಹೀರಿ, ದಿನದ ಏಳು ಗಂಟೆ ಓಡಿಸಿ ತೆಗೆದ ಮೆಥನಾಲ್ 32 ಮಿಲಿಲೀಟರ್. ಕಷಾಯದ ಲೋಟದ ತಳ ಮುಚ್ಚುವಷ್ಟು. ಭದ್ರಾವತಿಯಲ್ಲಿ ಮರದಿಂದ ಬರುತ್ತಿದ್ದದ್ದೂ ಅದೇ ಮೆಥನಾಲ್ ಅನ್ನುವುದು ನನಗೆ ಇವತ್ತೇ ಹೊಳೆದದ್ದು, ಕುಲುಮೆ ಅಂಕಲ್‌ಗೆ ಥ್ಯಾಂಕ್ಸ್. ಆದರೂ ಯಾಕೆ ಬೇಕು ಅಂದರೆ ವಿಮಾನಕ್ಕೆ. ಬ್ಯಾಟರಿ ಹೊತ್ತು ಸಮುದ್ರ ದಾಟುವುದು ಸದ್ಯಕ್ಕೆ ಆಗದ ಮಾತು, ಅದಕ್ಕೆ ದ್ರವ ಇಂಧನವೇ ಬೇಕು. ಕನ್ನಡಿ ಇಡುವ ಜಾಗ ಮರುಭೂಮಿ, ಆಗುಂಬೆಯಲ್ಲಿ ಯಾರೂ ಇಡುವುದಿಲ್ಲ. ಮಳೆಕಾಡು ಅವರು ನಿಶ್ಚಿಂತೆಯಿಂದ ಬಟ್ಟೆ ಒಗೆಯಬಹುದು.

ಈಗ ಪಂಕ್ತಿಯ ಪ್ರಶ್ನೆ. ಒಂದೇ ಲ್ಯಾಬಿನಲ್ಲಿ ಎರಡೂ ಯಾಕೆ? ಜಪಾನಿನ ಫುಕುಶಿಮಾ ನೆನಪಿದೆಯಾ, 2011ರ ಮಾರ್ಚ್? ತಣಿಸುವ ನೀರು ನಿಂತು ಇಂಧನ ಸರಳುಗಳು ಕಾದವು. ಸರಳಿನ ಹೊದಿಕೆ ಜಿರ್ಕೋನಿಯಂ ಲೋಹದ್ದು. 1200 ಡಿಗ್ರಿ ದಾಟಿದ ಜಿರ್ಕೋನಿಯಂ ನೀರಾವಿಯಿಂದ ರಭಸವಾಗಿ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಉಳಿದ ಜಲಜನಕ ಕಟ್ಟಡದ ಮೇಲ್ಭಾಗದಲ್ಲಿ ತುಂಬಿ ಸಿಡಿಯಿತು. ಜ್ಯೂರಿಕ್ ತಾರಸಿಯಲ್ಲಿ ಬೇಕು ಅಂತ ಮಾಡುವ ಕೆಲಸವೇ ಅಲ್ಲಿ ಬೇಡದೆ ಆಯಿತು. ಯಾವ ಕಾವಿನಲ್ಲಿ, ಎಷ್ಟು ಬೇಗ, ಯಾರು ಯಾರಿಂದ ಆಮ್ಲಜನಕ ಕೀಳುತ್ತಾರೆ ಅಂತ ಅಳೆಯುವ ಕುಲುಮೆ, ಲೇಸರು, ಲೆಕ್ಕ ಎಲ್ಲ ಎರಡಕ್ಕೂ ಒಂದೇ. ಬಿಸಿಲಿನ ಇಂಧನ ಮಾಡಿದ ಮೇಲೂ ಅದರ ಗುಣ ಗೊತ್ತಿರಬೇಕು. ಜಲಜನಕ ಗಾಳಿಯಲ್ಲಿ 4 ಶೇಕಡಾದಿಂದ 75 ಶೇಕಡಾವರೆಗೆ ಹೇಗೆ ಬೆರೆತರೂ ಹೊತ್ತುತ್ತದೆ, ಹಗಲಲ್ಲಿ ಅದರ ಜ್ವಾಲೆಯೇ ಕಾಣುವುದಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಿ ಕೆಂಡದ ಬಾಣಲೆ ಇಟ್ಟು ಬಾಣಂತಿ ಕೋಣೆ ಬೆಚ್ಚಗಿಡುವವರು ಇದನ್ನು ದಯವಿಟ್ಟು ಎರಡು ಸಲ ಓದಿ.

ನನಗೆ ಈ ವಿಷಯದ ಹುಚ್ಚು ಹಿಡಿಸಿದ ಸಂಗತಿ ಇನ್ನೊಂದಿದೆ. ಸೌದೆ, ಸೀಮೆಎಣ್ಣೆ, ಪ್ಲಾಸ್ಟಿಕ್, ಹತ್ತಿ, ಏನೇ ಸುಡಲಿ, ಒಂದು ಕಿಲೋ ಆಮ್ಲಜನಕ ಖರ್ಚಾದರೆ ಹೊರಬೀಳುವ ಕಾವು ಹೆಚ್ಚುಕಮ್ಮಿ ಒಂದೇ, 13.1 ಮೆಗಾಜೂಲ್. 1917ರಲ್ಲಿ ಥಾರ್ನ್‌ಟನ್ ಅನ್ನುವ ವಿಜ್ಞಾನಿ ಈ ಸಾಮ್ಯ ಕಂಡರು. 1980ರಲ್ಲಿ ಹಗೆಟ್ ಅನ್ನುವ ಇನ್ನೊಬ್ಬರು ಅದು ಬೆಂಕಿಯ ಅಧ್ಯಯನಕ್ಕೆ ಸಾಕಷ್ಟು ಕರಾರುವಾಕ್ಕು ಅಂತ ತೋರಿಸಿದರು. ಇವತ್ತು ಸೋಫಾ, ಪರದೆ, ವಿಮಾನದ ಸೀಟು ಎಷ್ಟು ಅಪಾಯಕಾರಿ ಅಂತ ಪರೀಕ್ಷಿಸುವುದು ಹಾಗೆಯೇ. ವಸ್ತುವನ್ನು ಸುಟ್ಟು, ಹೊಗೆಯಲ್ಲಿ ಆಮ್ಲಜನಕ ಎಷ್ಟು ಕಮ್ಮಿಯಾಯಿತು ಅಂತ ನೋಡುತ್ತಾರೆ. ಕಾವನ್ನು ಮುಟ್ಟಿ ಅಳೆಯಬೇಕಾಗಿಲ್ಲ. ಹಾಗಾಗಿ ಮೇಷ್ಟ್ರು ಹೇಳಿದ ಜಮಾಖರ್ಚು ಬರೀ ಹೋಲಿಕೆ ಅಲ್ಲ, ಅಕ್ಷರಶಃ ನಿಜ.

ತೊಲೆಯ ವಿಷಯ ನಾಳೆ. ಅಟ್ಟ ಹತ್ತಿ ನೋಡಬೇಕು, ಈಗ ಕರೆಂಟಿಲ್ಲ.

ಗಣಪತಿ ಕೆರೆ (ಸೋಮವಾರ, ರಾತ್ರಿ 8:40)

ಹುಡುಗಿ ಬರವಣಿಗೆ ಅಪ್ಪನಿಗಿಂತ ಖಡಕ್.

ಹೊಳಲೂರು ಹೈವೇ (ಸೋಮವಾರ, ರಾತ್ರಿ 9:15)

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಕಲ್ಲು ಸಿಡಿಸುವ ಜಿಲೆಟಿನ್ ಸಿಡಿದಾಗ ನಮ್ಮ ಕಿಟಕಿ ಗಾಜು ಗಡಗಡ ಅಂದಿತ್ತು. ಭೂಕಂಪ ಅಂತ ಎಲ್ಲರೂ ರಸ್ತೆಗೆ ಬಂದಿದ್ದೆವು, ಪಕ್ಕದ ಜಿಲ್ಲೆಯವರಿಗೂ ಕೇಳಿಸಿತ್ತು. ಅದೂ ಬೆಂಕಿಯೇ ಅಲ್ಲವಾ? ಅಷ್ಟು ಬೇಗ ಅಷ್ಟು ಆಮ್ಲಜನಕ ಎಲ್ಲಿಂದ ಬಂತು?

ಕೆಮಿಸ್ಟ್ರಿ ಮೇಷ್ಟ್ರು (ಸೋಮವಾರ, ರಾತ್ರಿ 9:33)

ಒಳಗಿಂದಲೇ. ಸ್ಫೋಟಕದಲ್ಲಿ ನೈಟ್ರೇಟಿನ ರೂಪದಲ್ಲಿ ಆಮ್ಲಜನಕ ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ, ಗಾಳಿಗೆ ಕಾಯುವುದಿಲ್ಲ. ಅದಕ್ಕೇ ಅದನ್ನು ಮುಚ್ಚಿ, ಉಸಿರುಗಟ್ಟಿಸಿ ಆರಿಸಲು ಬರುವುದಿಲ್ಲ. ಉಲ್ಟಾ ಉದಾಹರಣೆ ಮೆಗ್ನೀಸಿಯಂ. ಅದಕ್ಕೆ ಬೆಂಕಿ ಹತ್ತಿದಾಗ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಹೊಡೆದರೆ, ಆ ಅನಿಲದಿಂದಲೇ ಆಮ್ಲಜನಕ ಕಿತ್ತು ಇನ್ನೂ ಉರಿಯುತ್ತದೆ, ಕಪ್ಪು ಇಂಗಾಲ ಉದುರಿಸುತ್ತದೆ. ಅದು ಬೆಂಕಿಯೂ ಹೌದು, ಒಂದು ಥರದಲ್ಲಿ ಇಂಧನ ತಯಾರಿಕೆಯೂ ಹೌದು. ಸೆಕೆಂಡ್ ಪಿಯುಸಿ ಹುಡುಗರಿಗೆ ಇದನ್ನು ತೋರಿಸಿದ ದಿನ ಯಾರೂ ನಿದ್ದೆ ಮಾಡಲ್ಲ.

ಗುಡ್ಡದ ಕಾವಲು (ಮಂಗಳವಾರ, ಬೆಳಿಗ್ಗೆ 7:20)

ಲ್ಯಾಬಿನ ಮಾತಾಯ್ತು, ಗುಡ್ಡದ ಮಾತೂ ಬರಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಕಿ ಕಾಯುವ ದಿನಗೂಲಿ ಕೆಲಸ, ಹನ್ನೊಂದು ವರ್ಷ ಮಾಡಿದ್ದೇನೆ. ಮಲೆನಾಡೆಲ್ಲ ಹಸಿ, ಬೆಂಕಿ ಎಲ್ಲಿ ಅಂತಾರೆ ಪ್ಯಾಟೆಯವರು. ಹಸಿ ಶೋಲಾ ಕಾಡು ಹೊತ್ತುವುದು ಅಪರೂಪ, ನಿಜ. ಹೊತ್ತುವುದು ಅದರ ಸುತ್ತಿನ ಹುಲ್ಲು ಬೋಳೆ, ಎಲೆ ಉದುರುವ ಕಾಡು, ಅಕೇಶಿಯಾ ಪ್ಲಾಂಟೇಶನ್ನು. ಅಕೇಶಿಯಾ ದರಗು ಕೊಳೆಯುವುದೇ ಇಲ್ಲ, ಮೊಣಕಾಲೆತ್ತರ ಬಿದ್ದಿರುತ್ತದೆ, ಕಾಲಿಟ್ಟರೆ ಹಪ್ಪಳದ ಸದ್ದು.

ನಮಗೆ ಕೆಮಿಸ್ಟ್ರಿ ಗೊತ್ತಿಲ್ಲ, ಗೊತ್ತಿರುವುದು ಇಷ್ಟು. ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ನಡೆಯುತ್ತದೆ. ಬೆಂಕಿಯ ಮೇಲ್ಗಡೆ ಯಾವತ್ತೂ ನಿಲ್ಲಬಾರದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಅದರ ಹೊತ್ತು, ರಾತ್ರಿ ಇಬ್ಬನಿ ಬಿದ್ದ ಮೇಲೆ ನಮ್ಮ ಹೊತ್ತು. ಹಸಿ ಸೊಪ್ಪಿನ ಟೊಂಗೆಯಲ್ಲಿ ಬಡಿಯುವಾಗ ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಒತ್ತಿ ಹಿಡಿದು ಎಳೆಯಬೇಕು. ಈಗ ಸ್ಯಾಟಲೈಟ್ ನೋಡಿ ಮೊಬೈಲಿಗೆ ಮೆಸೇಜು ಬರುತ್ತದೆ. ಒಳ್ಳೆಯದೇ, ಆದರೆ ಗುಡ್ಡದ ಮೇಲೆ ನೆಟ್‌ವರ್ಕ್ ಬರಬೇಕಲ್ಲ.

ಓದಿದವರಿಗೆ ಒಂದು ಪ್ರಶ್ನೆ. ವಿಮಾನದಿಂದ ಕೆಂಪು ನೀರು ಸುರಿಯುತ್ತಾರಲ್ಲ ಬೇರೆ ದೇಶದಲ್ಲಿ, ಅದು ಎಂತದು? ನಮ್ಮ ಬೆಂಕಿರೇಖೆಗೆ ಹೊಡೆಯಬಹುದಾ?

ಚಪ್ಪರದಡಿಯ ಮಗಳು (ಮಂಗಳವಾರ, ಮಧ್ಯಾಹ್ನ 1:10)

ಏರಿನ ಬಗ್ಗೆ ನೀವು ಹೇಳಿದ್ದಕ್ಕೆ ಪುಸ್ತಕದಲ್ಲೂ ಸೂತ್ರ ಇದೆ. ಇಳಿಜಾರು 10 ಡಿಗ್ರಿ ಹೆಚ್ಚಾದಂತೆ ಬೆಂಕಿಯ ವೇಗ ಸುಮಾರು ಇಮ್ಮಡಿ. ಜ್ವಾಲೆ ಮೇಲಿನ ಹುಲ್ಲಿಗೆ ವಾಲಿ ಅದನ್ನು ಮೊದಲೇ ಒಣಗಿಸಿ, ಆವಿ ಬಿಡಿಸಿ ತಯಾರು ಮಾಡಿಟ್ಟಿರುತ್ತದೆ.

ಕೆಂಪು ನೀರಿನಲ್ಲಿ ಇರುವುದು ಮುಖ್ಯವಾಗಿ ಅಮೋನಿಯಂ ಫಾಸ್ಫೇಟ್. ನಮ್ಮ ಡಿಎಪಿ ಗೊಬ್ಬರದ ನೆಂಟ! ಕೆಂಪು ಬಣ್ಣ ಎಲ್ಲಿ ಬಿತ್ತು ಅಂತ ಕಾಣಲಿಕ್ಕೆ. ಅಂಗಡಿಗಳಲ್ಲಿ ನೇತುಹಾಕಿರುವ, ಬೆಂಕಿ ಆರಿಸುವ ಎಬಿಸಿ ಪುಡಿ ಸಿಲಿಂಡರಿನಲ್ಲೂ ಇದೇ ಜಾತಿಯ ಫಾಸ್ಫೇಟ್. ಕಾದಾಗ ಇದು ಫಾಸ್ಫಾರಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ತಾಗಿದ ಎಲೆ, ಮರ ಸುಡುವ ಆವಿ ಬಿಡುವ ಬದಲು ನೀರು ಬಿಟ್ಟು ಇದ್ದಿಲಾಗುತ್ತದೆ. ಆವಿ ಇಲ್ಲದಿದ್ದರೆ ಜ್ವಾಲೆ ಇಲ್ಲ. ಭದ್ರಾವತಿಯ ಕೊಠಿ ಗಾಳಿ ಕೊಡದೆ ಮಾಡಿಸಿದ ಕೆಲಸವನ್ನು ಇದು ಆಮ್ಲ ಕೊಟ್ಟು ಮಾಡಿಸುತ್ತದೆ. ಆದರೆ ಕಾಡಿನಲ್ಲಿ ಹೊಡೆಯಲು ನಾನು ಹೇಳುವುದಿಲ್ಲ. ಒಂದು ಮಳೆಗೆ ತೊಳೆದು ಹಳ್ಳ ಸೇರುತ್ತದೆ, ಪಾಚಿ ಬೆಳೆದು ಮೀನು ಸಾಯುತ್ತದೆ. ಗೊಬ್ಬರ ಬಿದ್ದ ಜಾಗದಲ್ಲಿ ಕಳೆ ಇನ್ನೂ ಸೊಂಪಾಗಿ ಬೆಳೆದು ಮುಂದಿನ ಬೇಸಿಗೆಗೆ ದರಗಾಗುತ್ತದೆ. ದರಗು ಗುಡಿಸಿದ ಅಗಲವಾದ ಬೆಂಕಿರೇಖೆಗೆ ಅದು ಸಾಟಿಯಲ್ಲ.

ಆಲೆಮನೆ (ಮಂಗಳವಾರ, ಮಧ್ಯಾಹ್ನ 2:45)

ಡಿಎಪಿ ರೇಟಿಗೆ ಗುಡ್ಡಕ್ಕೆ ಹೊಡೆಯೋದು ಯಾರಪ್ಪ.

ನನ್ನದೂ ಒಂದು ಅನುಭವ. ಮೂರು ವರ್ಷದ ಹಿಂದೆ, ಯಾರೂ ಬೆಂಕಿ ಹಚ್ಚದೆ ನಮ್ಮ ಹುಲ್ಲಿನ ಬಣವೆ ಒಳಗಿಂದ ಹೊತ್ತಿಕೊಂಡಿತು. ಕೊಯ್ಲಿಗೆ ಮಳೆ ಸಿಕ್ಕಿ ಹುಲ್ಲು ಪೂರ್ತಿ ಒಣಗಿರಲಿಲ್ಲ. ಊರಲ್ಲಿ ದಾಯಾದಿ ಮೇಲೆ ಅನುಮಾನ ಹೋಯ್ತು, ಒಂದು ವರ್ಷ ಮಾತಿಲ್ಲ. ಆಮೇಲೆ ಕೃಷಿ ಓದಿದ ಒಬ್ಬ ಹುಡುಗ ಹೇಳಿದ ಮೇಲೆ ಗೊತ್ತಾಯ್ತು, ಹಸಿ ಹುಲ್ಲು ತಾನೇ ಕಾಯುತ್ತದೆ ಅಂತ. ಇದಕ್ಕೂ ಆಮ್ಲಜನಕದ ಲೆಕ್ಕ ಉಂಟಾ?

ಚಪ್ಪರದಡಿಯ ಮಗಳು (ಮಂಗಳವಾರ, ಸಂಜೆ 5:30)

ಉಂಟು, ಅದೇ ನಮ್ಮ ತೊಲೆಯ ಕಥೆಗೂ ಕೀಲಿ. ಒದ್ದೆ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಉಸಿರಾಡುತ್ತವೆ, ಕಾವು ಬಿಡುತ್ತವೆ. 70 ಡಿಗ್ರಿ ಆಸುಪಾಸಿಗೆ ಅವು ಸಾಯುತ್ತವೆ. ಆದರೆ ಅಷ್ಟರಲ್ಲಿ ಹುಲ್ಲೇ ಆಮ್ಲಜನಕದ ಜೊತೆ ನಿಧಾನವಾಗಿ ವ್ಯವಹಾರ ಶುರು ಮಾಡಿರುತ್ತದೆ. ಸಣ್ಣ ಬಣವೆಯಾದರೆ ಕಾವು ಹೊರಗೆ ಹೋಗುತ್ತದೆ. ದೊಡ್ಡ ಬಣವೆಯ ನಡುವಿನಲ್ಲಿ ಹುಟ್ಟುವ ಕಾವು ಹೊರಹೋಗುವ ಕಾವಿಗಿಂತ ಹೆಚ್ಚು. ಉಳಿದ ಕಾವು ವ್ಯವಹಾರವನ್ನು ಇನ್ನೂ ಚುರುಕು ಮಾಡುತ್ತದೆ, ಅದರಿಂದ ಇನ್ನೂ ಕಾವು. ಬಡ್ಡಿಗೆ ಬಡ್ಡಿ. ಬಡಗಿಗಳು ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ಹೊತ್ತುವುದೂ ಹೀಗೆಯೇ, ಹರಡಿ ಒಣಗಿಸಿದರೆ ಏನೂ ಆಗದು. ಬಣವೆಗೆ ಉದ್ದದ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡುವ ಹಳೆ ಕ್ರಮ ಒಳ್ಳೆಯದೇ. 65 ಡಿಗ್ರಿ ದಾಟಿದ್ದರೆ ದಿನಾ ನೋಡಿ. 80ರ ಹತ್ತಿರ ಬಂದಿದ್ದರೆ ನೀರು, ಜನ ಸಿದ್ಧ ಇಟ್ಟುಕೊಳ್ಳದೆ ಬಿಚ್ಚಬೇಡಿ. ಬಿಚ್ಚಿದ ಕೂಡಲೇ ಗಾಳಿ ಸಿಕ್ಕಿ ಭಗ್ ಅನ್ನುತ್ತದೆ.

ಇವತ್ತು ಅಟ್ಟ ಹತ್ತಿದೆ. ಸುಟ್ಟ ತೊಲೆ ಬಿಡಿ, ಪಕ್ಕದ ಸುಡದ ತೊಲೆ ನೋಡಿ ಹೆದರಿಕೆಯಾಯಿತು. ಕೊಳವೆ ಕಡೆಯ ಮುಖ ಚಾಕೊಲೇಟ್ ಬಣ್ಣಕ್ಕೆ ತಿರುಗಿದೆ, ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ. ಜ್ವಾಲೆ ತಾಗದೆ, ಹೊಸ ಮರ ಹೊತ್ತಲು ಬೇಕಾದ ಕಾವಿಗಿಂತ ಎಷ್ಟೋ ಕಮ್ಮಿ ಕಾವಿನಲ್ಲಿ, ಸುಗ್ಗಿ ಸುಗ್ಗಿಗೂ ಒಣಗಿ ಒಣಗಿ ಅದು ಅರ್ಧ ಇದ್ದಿಲಾಗಿದೆ. ಹೀಗೆ ಬೆಂದ ಮರ ಹೊಸ ಮರಕ್ಕಿಂತ ಕಡಿಮೆ ಕಾವಿಗೇ ಹೊತ್ತಿಕೊಳ್ಳಬಹುದು. ಆರು ವರ್ಷ ಏನೂ ಆಗಲಿಲ್ಲ ಅಂದೆಯಲ್ಲ ಅಪ್ಪ, ಆರು ವರ್ಷವೂ ಆಗುತ್ತಲೇ ಇತ್ತು.

ಎರಡನೇ ಅನುಮಾನ ಕೊಳವೆಯ ಒಳಗಿನ ಮಸಿ. ಹಸಿ ಸೌದೆ, ಅಡಿಕೆ ಸಿಪ್ಪೆ ಹಾಕಿ ಗಾಳಿಕಂಡಿ ಮುಚ್ಚಿ ರಾತ್ರಿಯಿಡೀ ಕೆಂಡ ಕಾಪಾಡುತ್ತೀರಿ. ಗಾಳಿ ಸಾಲದೆ ಸುಡದ ಆವಿ ಮೇಲೆ ಹೋಗಿ ತಣ್ಣನೆ ತಗಡಿಗೆ ಟಾರಾಗಿ ಅಂಟುತ್ತದೆ. ಕಡ್ಡಿಯಲ್ಲಿ ಕೆರೆದು ತೆಗೆದೆ, ಅರ್ಧ ಇಂಚು ದಪ್ಪ, ಡಾಂಬರಿನ ಹೊಳಪು. ಅದಕ್ಕೆ ಕಿಡಿ ಹತ್ತಿದರೆ ಕೊಳವೆಯೇ ಕೆಂಪಾಗುವಷ್ಟು ಉರಿಯುತ್ತದೆ. ಒಲೆಯಲ್ಲಿ ಬರೀ ಕೆಂಡ ಇದ್ದ ಹೊತ್ತಿಗೇ ಹೊತ್ತಿತು ಅನ್ನುವುದು ನನಗೆ ಇದರ ಕಡೆ ಬೆರಳು ತೋರಿಸುತ್ತದೆ. ಎರಡೂ ಸೇರಿ ಆಗಿರಬೇಕು ಅಂತ ನನ್ನ ಊಹೆ.

ಸಾಗರದವ ಬೆಂಗಳೂರಲ್ಲಿ (ಮಂಗಳವಾರ, ಸಂಜೆ 6:12)

ಕನ್ನಡಿಯ ವಿಷಯದಲ್ಲಿ ನನ್ನ ಮಾತು ಬದಲಿಲ್ಲ. ಆದರೆ ಈ ಹುಡುಗಿ ಎಲ್ಲಿ ಸೇರಿದರೂ ಸರಿ ಅನಿಸುತ್ತಿದೆ. ನಮ್ಮ ಮನೆ ಡ್ರೈಯರಿನ ಕೊಳವೆಯೂ ತೊಲೆಯ ಪಕ್ಕವೇ ಇದೆ. ಅಪ್ಪನಿಗೆ ಈಗಷ್ಟೇ ಫೋನ್ ಮಾಡಿದೆ. “ಇಷ್ಟು ವರ್ಷ ಏನಾಗಿದೆ?” ಅಂದರು.

ಭದ್ರಾವತಿ ಕುಲುಮೆ (ಮಂಗಳವಾರ, ಸಂಜೆ 6:50)

ಎಲ್ಲ ಅಪ್ಪಂದಿರೂ ಅದನ್ನೇ ಹೇಳುವುದು. ಒಂಟಿ ತಗಡಿನ ಕೊಳವೆಗೂ ಮರಕ್ಕೂ ಕನಿಷ್ಠ ಒಂದೂವರೆ ಅಡಿ ಬಿಡಿ. ಅಷ್ಟು ಜಾಗ ಇಲ್ಲದಿದ್ದರೆ ನಡುವೆ ತಗಡಿನ ಮರೆ ಕಟ್ಟಿ. ತಗಡನ್ನು ನೇರ ತೊಲೆಗೆ ಮೊಳೆ ಹೊಡೆದರೆ ಉಪಯೋಗ ಇಲ್ಲ, ತಗಡು ಕಾದು ಆ ಕಾವು ಮರಕ್ಕೇ ಹೋಗುತ್ತದೆ. ಪಿಂಗಾಣಿ ಬಿಲ್ಲೆಯನ್ನೋ ಇಟ್ಟಿಗೆ ಚೂರನ್ನೋ ಕೊಟ್ಟು ಒಂದು ಇಂಚು ಸಂದಿ ಬಿಡಿ, ಗಾಳಿ ಆಡಿದರೆ ಕಾವು ಹೊತ್ತುಕೊಂಡು ಹೋಗುತ್ತದೆ. ಸುಗ್ಗಿ ಶುರುವಾಗುವ ಮೊದಲು ಒಮ್ಮೆ, ನಡುವೆ ಒಮ್ಮೆ ಕೊಳವೆಯ ಮಸಿ ಉದುರಿಸಿ. ಬಣ್ಣ ತಿರುಗಿದ ಆ ತೊಲೆ ಉಳಿಸಿಕೊಳ್ಳುವ ಆಸೆ ಬೇಡ, ತೆಗೆಯಿರಿ.

ಚಪ್ಪರದಡಿ (ಮಂಗಳವಾರ, ರಾತ್ರಿ 9:40)

ತೊಲೆ ಹಲಸಿನದು, ಅಜ್ಜ ಹಾಕಿಸಿದ್ದು. ಇರಲಿ, ತೆಗೆಸುತ್ತೇನೆ. ನಾಡಿದ್ದು ಗಾರೆಯವನೂ ವೆಲ್ಡಿಂಗಿನವನೂ ಬರುತ್ತಾರೆ. ಕೊಳವೆಯನ್ನು ಅಟ್ಟದಿಂದ ಹೊರಗೆ, ಗೋಡೆಯಾಚೆ ತಿರುಗಿಸಬೇಕು ಅಂತ ಮಗಳ ಹಟ. ಶನಿವಾರ ಹೊಸನಗರದಲ್ಲಿ ಇನ್ನೊಂದು ಮದುವೆ ಇದೆ. ಕೇಳಿದವರಿಗೆ ‘ಆಮ್ಲಜನಕದ ಶಾನುಭೋಗಿಕೆ’ ಅಂತ ಹೇಳುವುದು ಅಂತ ತೀರ್ಮಾನ ಆಗಿದೆ, ಅಮ್ಮನೂ ಒಪ್ಪಿದ್ದಾಳೆ.

ಕುಲುಮೆಯವರೆ, ಮರೆಗೆ ಜಿಐ ತಗಡು 24 ಗೇಜ್ ಸಾಕಾ, ಇನ್ನೂ ದಪ್ಪದ್ದು ಬೇಕಾ?

ಭದ್ರಾವತಿ ಕುಲುಮೆ (ಮಂಗಳವಾರ, ರಾತ್ರಿ 9:58)

24 ಸಾಕು. ಸಂದಿಯ ಮೇಲೂ ಕೆಳಗೂ ತೆರೆದಿರಲಿ, ಗಾರೆಯವನು ಚಂದ ಕಾಣಲಿ ಅಂತ ಸಿಮೆಂಟ್ ಮೆತ್ತಿಬಿಟ್ಟಾನು.